ಬಜರ್ ಕೂಗುವ ಮೊದಲಿನ ಅರ್ಧ ಅಂಗುಲ

ಮಾರ್ಚ್ ೧೧, ಮಂಗಳವಾರ
ಬೆಳಿಗ್ಗೆ ಒಂಬತ್ತೂವರೆ

ನನ್ನ ಗುಂಡುಸೂಜಿಗೆ,

ಅಪ್ಪ ಇಟ್ಟ ಹೆಸರಿನಿಂದ ಕರೆದೆ ಅಂತ ಸಿಟ್ಟಾಗಬೇಡ. ಹುಟ್ಟಿದಾಗ ನೀನು ಕಡ್ಡಿಯಂತಿದ್ದೆ, ತಲೆ ಮಾತ್ರ ಗುಂಡಗಿತ್ತು. ಟೈಲರ್ ಅಪ್ಪನಿಗೆ ಇನ್ನೇನು ಹೆಸರು ಹೊಳೆದೀತು. ಅವರು ಹೋದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಕರೆಯುವವರಿಲ್ಲ. ಇವತ್ತೊಂದು ದಿನ ನಾನು ಕರೆಯುತ್ತೇನೆ, ಆಮೇಲೆ ಬೇಡ ಅಂದರೆ ಬಿಡುತ್ತೇನೆ.

ನಿನ್ನ ಪತ್ರ ಶನಿವಾರ ಬಂತು. ಒಂಬತ್ತು ಸಾಲು. ಹದಿಮೂರು ತಿಂಗಳಲ್ಲಿ ನೀನು ನನಗೆ ಬರೆದದ್ದರಲ್ಲಿ ಅದೇ ಉದ್ದದ್ದು. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಹೂಂ, ಉಹೂಂ, ಊಟ ಆಯ್ತು, ಇಡ್ತೀನಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಿ ನನ್ನ ಮಾತನ್ನು ನೀನು ಅರ್ಧಕ್ಕೆ ಕತ್ತರಿಸಲು ಆಗುವುದಿಲ್ಲ. ಬೇಕಾದರೆ ಹರಿದು ಬಿಸಾಡು, ಆದರೆ ಪೂರ್ತಿ ಓದಿ ಹರಿ.

ಇಪ್ಪತ್ತನೇ ತಾರೀಖು ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡುಬಿಡುತ್ತೇನೆ ಅಂತ ಬರೆದಿದ್ದೀಯ. ಕಾರು ಓಡಿಸುವಾಗ ಫೋನು ನೋಡುತ್ತಿದ್ದೆ ಅಂತ ಹೇಳುತ್ತೀಯಂತೆ. ಬೇರೆ ಯಾವ ಕಾರಣವೂ ಸಿಗುತ್ತಿಲ್ಲ, ದೊಡ್ಡತ್ತೆ ಹೇಳುವುದೇ ನಿಜ ಇರಬೇಕು, ನನಗೇ ಗೊತ್ತಾಗದ ಹಾಗೆ ಕಣ್ಣು ಆ ಕಡೆ ಹೋಗಿರಬೇಕು ಅಂತ ಬರೆದಿದ್ದೀಯ. ಆ ಸಾಲನ್ನು ಓದಿ ನಾನು ಒಲೆಯ ಮೇಲಿಟ್ಟ ಹಾಲನ್ನು ಮರೆತೆ. ಪಾತ್ರೆ ಸೀದು ಕರಕಲಾಯಿತು.

ಮಗಳೇ, ನೀನು ಫೋನು ನೋಡಲಿಲ್ಲ. ಪಕ್ಕದಲ್ಲಿ ಕೂತಿದ್ದವಳು ನಾನು. ಫೋನು ನಿನ್ನ ಕೈಚೀಲದಲ್ಲಿತ್ತು, ಚೀಲ ನನ್ನ ಕಾಲ ಬಳಿ ಇತ್ತು. ಆ ಹೊತ್ತಿಗೆ ಸರಿಯಾಗಿ ಯಾರೋ ಬಸುರಿಯ ಮನೆಯಿಂದ ಕರೆ ಬಂದಿತ್ತು, ಅದು ದಾಖಲೆಯಲ್ಲಿದೆ, ನೀನು ಎತ್ತಲಿಲ್ಲ ಅನ್ನುವುದೂ ದಾಖಲೆಯಲ್ಲಿದೆ. ಎತ್ತದಿದ್ದರೂ ನೋಡಿರಬಹುದಲ್ಲ ಅಂತ ಅವರ ವಾದ. ಚೀಲದಲ್ಲಿತ್ತು ಅಂತ ನಾನು ಪೊಲೀಸರಿಗೆ ಹೇಳಿದೆ. ಹೆತ್ತವಳು ಇನ್ನೇನು ಹೇಳ್ತಾಳೆ ಅನ್ನುವ ಮುಖ ಮಾಡಿ ಬರೆದುಕೊಂಡರು.

ಮಾಡದ ತಪ್ಪನ್ನು ಒಪ್ಪಿಕೊಂಡರೆ ನಿನ್ನ ನರ್ಸ್ ಕೆಲಸ ಹೋಗುತ್ತದೆ. ಮನೆಮನೆಗೆ ಹೋಗಿ ಹೆರಿಗೆ ನೋಡುವವಳ ಹೆಸರಿನ ಮುಂದೆ ಅಂಥದೊಂದು ಮಾತು ಇದ್ದರೆ ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ. ಅದು ಹೋದರೂ ಹೋಗಲಿ ಅನ್ನಬಹುದು. ಆದರೆ ಅಪ್ಪನನ್ನು ಫೋನಿನ ಆಸೆಗೆ ಕೊಂದೆ ಅಂತ ನೀನೇ ನಂಬಿಕೊಂಡು ಬದುಕುವುದಿದೆಯಲ್ಲ, ಅದನ್ನು ನನ್ನಿಂದ ನೋಡಲು ಆಗುವುದಿಲ್ಲ. ನಿನಗೆ ಸಿಗದ ಆ ಕಾರಣ ನನ್ನ ಹತ್ತಿರ ಇದೆ. ಹದಿಮೂರು ತಿಂಗಳಿಂದ ನನ್ನೊಬ್ಬಳಿಗೇ ಗೊತ್ತು. ಈಗ ಹೇಳುತ್ತೇನೆ.

ಇದರ ಒಂದು ಪ್ರತಿ ನಿನ್ನ ವಕೀಲರಿಗೂ ಹೋಗುತ್ತದೆ. ಆಯಮ್ಮನಿಗೆ ನಮ್ಮ ಕಸುಬು ಗೊತ್ತಿಲ್ಲ, ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಸಹಿಸಿಕೋ. ನಾನು ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಟೀಚರ್. ನಮ್ಮ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಎರಡನ್ನೂ ಒಂದು ಸರಳು ಕೂಡಿಸಿರುತ್ತದೆ. ನಾನು ತುಳಿದರೆ ಕಲಿಯುವವರ ಕಡೆಯ ಬ್ರೇಕೂ ಇಳಿಯುತ್ತದೆ, ಅವರು ತುಳಿದರೆ ನನ್ನದು ಇಳಿಯುವುದಿಲ್ಲ. ಟೀಚರ್ ತುಳಿದರೆ ಗೊತ್ತಾಗಲಿ ಅಂತ ಅದಕ್ಕೊಂದು ಬಜರ್ ಇಟ್ಟಿದ್ದಾರೆ. ಕರ್ರ್ ಅಂತ ಕೂಗುತ್ತದೆ, ಸತ್ತವರೂ ಎದ್ದು ಕೂರಬೇಕು ಹಾಗೆ. ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ನಾವು ಮುಂದೆ. ಬಜರ್ ಒಂದು ಸಲ ಕೂಗಿತೋ, ಫೇಲು.

ಬೇರೆ ಟೀಚರುಗಳು ಪಾಪ ಅಂತ ಬಾಯಲ್ಲೇ ನಿಧಾನ ನಿಧಾನ ಅನ್ನುತ್ತಿದ್ದರು. ನಾನು ಬಾಯಿ ಬಿಡುತ್ತಿರಲಿಲ್ಲ, ನೇರ ತುಳಿಯುತ್ತಿದ್ದೆ. ಕಲಿಯುವವರೆಲ್ಲ ನನ್ನನ್ನು ಬಜರಮ್ಮ ಅಂತ ಕರೆಯುತ್ತಿದ್ದದ್ದು ನಿನಗೆ ಗೊತ್ತು. ಬ್ಯಾಂಕಿನ ಕ್ಯಾಷಿಯರ್ ಒಬ್ಬರು ನನ್ನ ಪಕ್ಕ ಕೂತರೆ ಕನಸಿನಲ್ಲೂ ಕರ್ರ್ ಅಂತ ಕೇಳುತ್ತದೆ ಅಂತ ಹೆಂಡತಿಯ ಹತ್ತಿರ ಅತ್ತಿದ್ದರಂತೆ. ಅಳಲಿ ಅಂದೆ. ಕಾರಿನಲ್ಲಿ ಅತ್ತರೆ ಆಸ್ಪತ್ರೆಯಲ್ಲಿ ಅಳುವುದು ತಪ್ಪುತ್ತದೆ ಅನ್ನುವುದು ನನ್ನ ಪಾಠ. ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ ಎಣಿಸಲು ಶುರು ಮಾಡಿ, ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು, ಅಷ್ಟರೊಳಗೆ ನೀವು ಆ ಕಂಬ ಮುಟ್ಟಿದರೆ ತುಂಬ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಈ ಮಾತನ್ನು ಎಷ್ಟು ಸಾವಿರ ಸಲ ಹೇಳಿದ್ದೇನೋ ದೇವರಿಗೇ ಗೊತ್ತು. ನನ್ನ ಕೈಯಲ್ಲಿ ಕಲಿತವರಲ್ಲಿ ಒಬ್ಬರೂ ದೊಡ್ಡ ಅಪಘಾತ ಮಾಡಿರಲಿಲ್ಲ. ಗೇಟಿನ ಕಂಬಕ್ಕೆ ಉಜ್ಜಿದವರಿದ್ದರು, ರಿವರ್ಸ್ ಹಾಕಿ ಹೂವಿನ ಕುಂಡ ಒಡೆದವರಿದ್ದರು, ಅಷ್ಟೇ. ಅದರ ಜಂಭ ನನಗೆ ತಲೆಯ ಮೇಲೆ ಕೂತಿತ್ತು.

ಆಮೇಲೆ ನೀನು ಕಲಿಯಲು ಬಂದೆ.

ಇಪ್ಪತ್ತಾರು ವರ್ಷದ ಹೆಂಗಸು, ಮಧ್ಯರಾತ್ರಿ ಯಾರದೋ ಮನೆಯಲ್ಲಿ ಮಗುವನ್ನು ಕೈಯಲ್ಲಿ ಹಿಡಿದು ಉಸಿರಾಡಿಸುವವಳು, ಸ್ಟಿಯರಿಂಗ್ ಹಿಡಿದರೆ ಗಡಗಡ ನಡುಗುತ್ತಿದ್ದೆ. ಬಜರ್ ಕೂಗಿದರೆ ಎರಡೂ ಕೈ ಬಿಟ್ಟು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಮೊದಲ ಪರೀಕ್ಷೆಯಲ್ಲಿ ಕೂಗಿತು. ಎರಡನೆಯದರಲ್ಲಿ ಎರಡು ಸಲ ಕೂಗಿತು. ಮನೆಗೆ ಬಂದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ, ನಾವು ಕೇಳಿಸದ ಹಾಗೆ ನಟಿಸಿದೆವು. ಆರೋಗ್ಯ ಕೇಂದ್ರದವರು ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಿದರೆ ಮನೆಭೇಟಿಯ ಕೆಲಸ, ಇಲ್ಲದಿದ್ದರೆ ಇನ್ನೊಬ್ಬರಿಗೆ ಅಂದಿದ್ದರು. ನಿನಗೆ ಆ ಕೆಲಸ ಎಷ್ಟು ಬೇಕಾಗಿತ್ತು ಅಂತ ನಾನು ಬಲ್ಲೆ. ಇನ್ನು ಹತ್ತೊಂಬತ್ತು ದಿನ ಉಳಿದಿತ್ತು.

ಈಗ ಹೇಳಬೇಕಾದದ್ದು ಬಂತು. ಪೆನ್ನು ಕೆಳಗಿಟ್ಟು ಎರಡು ಸಲ ನೀರು ಕುಡಿದು ಬಂದೆ.

ಆ ಬಜರು ಕಾಲು ತಾಗಿದ ಕೂಡಲೇ ಕೂಗುವುದಿಲ್ಲ. ಬ್ರೇಕು ಅರ್ಧ ಅಂಗುಲ ಇಳಿದ ಮೇಲೆ ಕೂಗುತ್ತದೆ. ಆದರೆ ಅರ್ಧ ಅಂಗುಲ ಇಳಿಯುವಷ್ಟರಲ್ಲೇ ಕಾರು ಹಿಡಿದುಕೊಳ್ಳಲು ಶುರು ಮಾಡಿರುತ್ತದೆ. ಅಲ್ಲಿಗೆ ಮಾತ್ರ ಇಳಿಸಿ, ಮುಂದೆ ಹೋಗದೆ ನಿಲ್ಲಿಸಲು ಇಪ್ಪತ್ತೆರಡು ವರ್ಷದ ಕಾಲು ಬೇಕು. ನನಗೆ ಅದು ಬರುತ್ತಿತ್ತು. ಬರುತ್ತದೆ ಅಂತ ಗೊತ್ತಿದ್ದರೂ ಯಾರಿಗೂ ಮಾಡಿರಲಿಲ್ಲ. ನಿನಗೆ ಮಾಡಿದೆ.

ಆ ಹತ್ತೊಂಬತ್ತು ದಿನ ಮುಂದೆ ಗಾಡಿ ನಿಧಾನವಾದಾಗಲೆಲ್ಲ ನಿನ್ನ ಕಾಲಿಗಿಂತ ಮೊದಲು ನನ್ನ ಕಾಲು ಇಳಿಯುತ್ತಿತ್ತು. ನಿನ್ನ ಪಾದ ಬ್ರೇಕಿನ ಮೇಲೆ ಬರುವ ಹೊತ್ತಿಗೆ ಅದು ಆಗಲೇ ಅರ್ಧ ಅಂಗುಲ ಕೆಳಗಿರುತ್ತಿತ್ತು. ಕಾರು ಆಗಲೇ ತಗ್ಗಿರುತ್ತಿತ್ತು. ನೀನು ತುಳಿಯುತ್ತಿದ್ದೆ, ಕಾರು ಬೆಣ್ಣೆಯ ಹಾಗೆ ನಿಲ್ಲುತ್ತಿತ್ತು, ಬಜರ್ ಮಾತೇ ಇಲ್ಲ. ಮೊದಲ ದಿನ ನೀನು ನನ್ನ ಕಡೆ ತಿರುಗಿ, ಅಮ್ಮಾ ನೋಡಿದ್ಯಾ, ಕೂಗಲೇ ಇಲ್ಲ ಅಂದೆ. ನಿನ್ನ ಮುಖ ಹೇಗಿತ್ತು ಅಂದರೆ, ಚಿಕ್ಕವಳಿದ್ದಾಗ ಸೂಜಿಗೆ ದಾರ ಪೋಣಿಸಿ ಅಪ್ಪನಿಗೆ ತೋರಿಸಲು ಓಡಿ ಬರುತ್ತಿದ್ದೆಯಲ್ಲ, ಹಾಗಿತ್ತು. ನನಗೆ ಸಂತೋಷ ಆಯಿತು. ಸುಳ್ಳು ಹೇಳಿ ಏನು ಪ್ರಯೋಜನ, ತುಂಬಾ ಸಂತೋಷ ಆಯಿತು. ಧೈರ್ಯ ಬರಲಿ, ಧೈರ್ಯ ಬಂದ ಮೇಲೆ ಕಾಲು ತೆಗೆದರಾಯಿತು ಅಂದುಕೊಂಡೆ. ಇವತ್ತು ಬೇಡ, ನಾಳೆ ತೆಗೆಯುತ್ತೇನೆ ಅಂತ ದಿನ ದೂಡಿದೆ. ಪರೀಕ್ಷೆಯ ದಿನವೂ ಬಂತು. ಹಿಂದೆ ಇನ್ಸ್‌ಪೆಕ್ಟರು ಕೂತಿದ್ದರು, ನಾನು ಆಗಲೂ ತೆಗೆಯಲಿಲ್ಲ.

ನೀನು ಪಾಸಾದೆ. ಇಷ್ಟು ಮೃದುವಾಗಿ ಬ್ರೇಕ್ ಹಿಡಿಯೋರು ಅಪರೂಪ ಅಂತ ಇನ್ಸ್‌ಪೆಕ್ಟರು ಹೊಗಳಿದರು. ಬಜರಮ್ಮನ ಮಗಳು ಅಲ್ವಾ ಅಂತ ನಮ್ಮ ಮಾಲೀಕರು ಎಲ್ಲರಿಗೂ ಹೇಳಿಕೊಂಡು ಬಂದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದು ನಾನೇ. ಸಾವಿರದ ಮೂರರ ತನಕ ಎಣಿಸು ಅಂತ ನನ್ನ ಬಾಯಿ ನಿನಗೂ ಹೇಳಿತ್ತು. ಆದರೆ ಬಾಯಿ ಒಂದು ಪಾಠ ಹೇಳಿತು, ಕಾಲು ಇನ್ನೊಂದು ಕಲಿಸಿತು. ಹತ್ತಿರ ಹೋದರೂ ನಿಲ್ಲುತ್ತದೆ, ತಡವಾಗಿ ತುಳಿದರೂ ನಿಲ್ಲುತ್ತದೆ ಅಂತ ನಿನ್ನ ಮೈ ಕಲಿತುಕೊಂಡಿತು. ಮೈ ಕಲಿತದ್ದನ್ನು ಬುದ್ಧಿ ಬಿಡಿಸುವುದು ಕಷ್ಟ.

ನಮ್ಮ ಮನೆಯ ಹಳೇ ಕಾರಿನಲ್ಲಿ ನನ್ನ ಕಡೆ ಬ್ರೇಕು ಎಲ್ಲಿಂದ ಬರಬೇಕು. ಎರಡನೇ ವಾರವೇ ನೀನು ಸಿಗ್ನಲ್ ಹತ್ತಿರ ಮುಂದಿದ್ದ ಟ್ಯಾಕ್ಸಿಗೆ ತಾಗಿಸಿದೆ. ನೆನಪಿದೆ ತಾನೆ? ದೊಡ್ಡದೇನಲ್ಲ, ಅವನ ಬಂಪರು ಅಂಗೈಯಗಲ ಒಳಗೆ ಹೋಗಿತ್ತು. ಅವನು ಇಳಿದು ಬಂದು ನೋಡಿ, ತಲೆ ಕೆರೆದುಕೊಂಡು, ಅಕ್ಕಾ, ಇನ್ನೂ ಸ್ವಲ್ಪ ಮುಂಚೆ ಹಿಡೀಬೇಕಿತ್ತು ಅಷ್ಟೇ ಅಂದ. ಎಷ್ಟು ಒಳ್ಳೆಯವನು. ನಾನು ಇಳಿದು ಅವನ ಮೇಲೆ ಹಾರಾಡಿದೆ, ಹಾಗೆ ಗಕ್ಕನೆ ನಿಲ್ಲಿಸಿದರೆ ಹಿಂದಿನವರು ಏನು ಮಾಡಬೇಕು ಅಂದೆ. ಅವನು ಗಕ್ಕನೆ ನಿಲ್ಲಿಸಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಎಷ್ಟು ಜನರಿಗೆ ಹೇಳಿದ್ದೇನೆ, ಹಿಂದಿನಿಂದ ಗುದ್ದಿದವರದ್ದೇ ತಪ್ಪು, ನೆಪ ಹೇಳಬೇಡಿ ಅಂತ. ಸಣ್ಣ ಗುದ್ದು ಅಂದರೆ ದೇವರು ಪುಕ್ಕಟೆ ಕೊಡುವ ಪಾಠ ಅಂತಲೂ ಹೇಳುತ್ತಿದ್ದೆ. ನಮ್ಮ ಮನೆಗೇ ಕೊಟ್ಟ ಪಾಠವನ್ನು ನಾನು ಬೈದು ಕಳುಹಿಸಿದೆ.

ಆ ಸಂಜೆ ನೀನು, ಅಮ್ಮಾ ನಮ್ಮ ಕಾರಿನ ಬ್ರೇಕು ಸ್ಕೂಲ್ ಕಾರಿನಷ್ಟು ಚುರುಕಾಗಿಲ್ಲ ಕಣೇ ಅಂದೆ. ಅದು ಯಾಕೆ ಹಾಗೆ ಅನ್ನಿಸುತ್ತಿದೆ ಅಂತ ಜಗತ್ತಿನಲ್ಲಿ ಹೇಳಬಲ್ಲವಳು ನಾನೊಬ್ಬಳೇ ಇದ್ದೆ, ನಿನ್ನ ಎದುರಿಗೇ ತಟ್ಟೆ ಒರೆಸುತ್ತ ನಿಂತಿದ್ದೆ. ಹಳೇ ಕಾರು ಅಲ್ವಾ, ನಾಳೆ ಮೆಕ್ಯಾನಿಕ್ಕಿಗೆ ತೋರಿಸ್ತೀನಿ ಬಿಡು ಅಂದೆ. ತೋರಿಸಿದೆ ಕೂಡ. ಅವನು ಚಕ್ರ ಬಿಚ್ಚಿ, ಮೇಡಂ, ಪ್ಯಾಡು ಹೊಸದರ ಹಾಗಿದೆ, ಸುಮ್ನೆ ಯಾಕೆ ಬದಲಾಯಿಸ್ತೀರಾ ಅಂದ. ಬದಲಾಯಿಸಪ್ಪಾ, ನಿನಗೇನು ಅಂದೆ. ಮನೆಗೆ ಬಂದು ಈಗ ನೋಡು ಹೇಗಿದೆ ಅಂದೆ. ಪಾಪದವಳು ನೀನು, ಒಂದು ಸುತ್ತು ಓಡಿಸಿ ಬಂದು, ಹೂಂ ಸ್ವಲ್ಪ ಪರವಾಗಿಲ್ಲ ಅಂದೆ. ಆಮೇಲೆ ಪೊಲೀಸರು ಬ್ರೇಕು ಪರೀಕ್ಷೆ ಮಾಡಿಸಿದಾಗ, ಹೊಸ ಪ್ಯಾಡು, ಏನೂ ದೋಷ ಇಲ್ಲ ಅಂತ ವರದಿ ಬಂತಲ್ಲ, ಅದು ಹೀಗೆ. ಬ್ರೇಕು ಹಿಡೀಲಿಲ್ಲ ಅಂತ ನೀನು ಹೇಳಿದ್ದು ಸುಳ್ಳು ಅಂತ ಎಲ್ಲರೂ ತೀರ್ಮಾನಿಸಿದ್ದು ಆ ವರದಿಯಿಂದ.

ಅಪಘಾತವಾದ ಆ ಶುಕ್ರವಾರದ ಸಂಗತಿ ನಿನಗೆ ಗೊತ್ತಿರುವಷ್ಟನ್ನು ನಾನು ಮತ್ತೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ.

ಅಪ್ಪ ಹಿಂದೆ ಕೂತಿದ್ದರು, ಮಡಿಲಲ್ಲಿ ಸ್ಟೇಷನ್ ಮಾಸ್ಟರರ ನಿವೃತ್ತಿಯ ಸಮಾರಂಭಕ್ಕೆ ಹೊಲಿದ ಕೋಟು, ಅದನ್ನು ಕೊಡಲು ಹೊರಟಿದ್ದೆವು. ನೀನು ಕಾರು ಸ್ಟಾರ್ಟ್ ಮಾಡುವ ಮೊದಲು ಅಪ್ಪಾ ಬೆಲ್ಟು ಅಂದೆ. ಇಸ್ತ್ರಿ ಮುರಿಯುತ್ತೆ ಕಣಮ್ಮ ಅಂದರು. ನೀನು ಕೀಲಿ ತಿರುಗಿಸದೆ ಕಾಯುತ್ತಿದ್ದೆ. ಹತ್ತು ನಿಮಿಷದ ದಾರಿ, ಬಿಡೇ, ಹೊತ್ತಾಯ್ತು ಅಂತ ಹೇಳಿದ್ದು ನಾನು. ನಾನು! ಬೆಲ್ಟ್ ಹಾಕದವರನ್ನು ಕಾರಿನಿಂದ ಇಳಿಸಿ ನಡೆದು ಹೋಗಿ ಅಂದವಳು. ಇದನ್ನು ನೀನು ಯಾರಿಗೂ ಹೇಳಲಿಲ್ಲ, ಪೊಲೀಸರು ಕೇಳಿದಾಗ, ನಾನೇ ನೋಡಬೇಕಿತ್ತು ಅಂತ ನೀನು ಅಂದುಬಿಟ್ಟೆ. ನಾನು ಪಕ್ಕದಲ್ಲೇ ನಿಂತು ನಿನಗೆ ಹಾಗೆ ಹೇಳಲು ಬಿಟ್ಟೆ.

ಬೇಕರಿಯ ವ್ಯಾನು ನಮ್ಮ ಮುಂದೆ ಹೋಗುತ್ತಿತ್ತು. ಪಟ್ಟೆ ಎಳೆದ ಜಾಗದಲ್ಲಿ ಅಜ್ಜಿಯೊಬ್ಬಳು ಕೊಡೆ ಊರಿಕೊಂಡು ರಸ್ತೆಗೆ ಇಳಿದಳು. ವ್ಯಾನಿನ ಹಿಂದಿನ ಕೆಂಪು ದೀಪ ಹತ್ತಿತು. ನಾನು ನಿನಗಿಂತ ಮೊದಲು ನೋಡಿದೆ. ನನ್ನ ಬಲಗಾಲು ಇಳಿಯಿತು, ಎಂದಿನಂತೆ, ಯೋಚನೆಯಿಲ್ಲದೆ. ಈಗ ಬರೆಯುವುದನ್ನು ನಿಧಾನವಾಗಿ ಓದು. ಕಾಲು ಇಳಿದ ಕೂಡಲೇ ನನಗೆ ನಿರಾಳವಾಯಿತು. ಹಿಡಿದೆ, ಇನ್ನು ನಿಲ್ಲುತ್ತದೆ ಅಂತ ಮನಸ್ಸು ಸುಮ್ಮನಾಯಿತು. ಅಷ್ಟು ಹೊತ್ತು ನನಗೆ ಬಾಯಿ ಬಿಡಬೇಕು ಅಂತಲೇ ಹೊಳೆಯಲಿಲ್ಲ. ಎಲ್ಲ ಅಮ್ಮಂದಿರೂ ಪಕ್ಕದಲ್ಲಿ ಕೂತು ಅಯ್ಯೋ ನೋಡೇ ಮುಂದೆ ಅಂತ ಚೀರುತ್ತಾರೆ. ಒಬ್ಬ ತರಕಾರಿಯವಳು ಕೂತಿದ್ದರೂ ಚೀರುತ್ತಿದ್ದಳು, ನೀನು ಒಂದು ಕ್ಷಣ ಮೊದಲು ತುಳಿಯುತ್ತಿದ್ದೆ, ಅಪ್ಪ ಇರುತ್ತಿದ್ದರು. ಬಜರಮ್ಮ ಕೂತಿದ್ದಳು, ಹಾಗಾಗಿ ಯಾರೂ ಚೀರಲಿಲ್ಲ. ನನ್ನ ಕಾಲ ಕೆಳಗೆ ಬರೀ ರಬ್ಬರ್ ಮ್ಯಾಟು ಇತ್ತು.

ನೀನು ಬ್ರೇಕ್ ಹಿಡಿದೆ ಮಗಳೇ. ಯಾವಾಗಲೂ ಹಿಡಿಯುವ ಹೊತ್ತಿಗೇ ಹಿಡಿದೆ, ಆದರೂ ಕಾರು ವ್ಯಾನಿನ ಬೆನ್ನಿಗೆ ಗುದ್ದಿತು. ಆ ಹೊತ್ತನ್ನು ನಿನಗೆ ತಪ್ಪಾಗಿ ಕಲಿಸಿದವಳು ನಾನು.

ನನ್ನ ಕಾಲಿನ ಗೆಣ್ಣು ಹೇಗೆ ಮುರಿಯಿತು ಅಂತ ಡಾಕ್ಟರು ಕೇಳಿದ್ದರು. ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿದವರಿಗೆ ಹೀಗೆ ಆಗುವುದು ಕಡಿಮೆ ಅಂದರು. ಚಪ್ಪಲಿ ಸೀಟಿನ ಕೆಳಗೆ ಸಿಕ್ಕಿಕೊಂಡಿತ್ತು ಅಂದೆ. ಇಲ್ಲ. ಕಾಲನ್ನು ನೆಟ್ಟಗೆ ಮಾಡಿ ನೆಲಕ್ಕೆ ಒತ್ತಿ ಹಿಡಿದಿದ್ದೆ, ಅದಕ್ಕೇ ಮುರಿಯಿತು. ಈಗಲೂ ಮೆಟ್ಟಿಲು ಇಳಿಯುವಾಗ ನೋಯುತ್ತದೆ. ನೋಯಲಿ.

ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ನನ್ನ ಎರಡೂ ತೋಳು ಹಿಡಿದು, ಅಮ್ಮಾ ನಾನು ಹಿಡಿದೆ ಅಲ್ವಾ, ನೀನು ನೋಡ್ತಾ ಇದ್ದೆ ಅಲ್ವಾ, ಹೇಳು ಅಂತ ಕೇಳಿದೆ. ಹಿಡಿದೆ, ಸ್ವಲ್ಪ ತಡ ಆಯ್ತು ಅಷ್ಟೇ ಅಂದೆ. ನೀನು ತೋಳು ಬಿಟ್ಟೆ. ಆಮೇಲೆ ನೀನು ನನ್ನನ್ನು ಮುಟ್ಟಿ ಮಾತಾಡಿಲ್ಲ. ನಾನು ಇಡೀ ಜನ್ಮದಲ್ಲಿ ಆಡಿದ ಮಾತುಗಳಲ್ಲಿ ಅತಿ ಕೆಟ್ಟದ್ದು ಅದು, ಅದರಲ್ಲಿ ಸುಳ್ಳೂ ಇರಲಿಲ್ಲ ನೋಡು.

ಯಾಕೆ ಹೇಳಲಿಲ್ಲ ಅಂತ ನೀನು ಕೇಳುತ್ತೀಯ. ಮೊದಲು ಅಪ್ಪ ಬದುಕಲಿ, ಆಮೇಲೆ ಹೇಳೋಣ ಅಂದುಕೊಂಡೆ. ಹನ್ನೊಂದು ದಿನಕ್ಕೆ ಅವರು ಹೋದರು. ಆಮೇಲೆ ನಿನ್ನನ್ನೂ ಕಳೆದುಕೊಳ್ಳುತ್ತೇನೆ ಅನ್ನುವ ಹೆದರಿಕೆ. ಹೇಳದೆಯೂ ಕಳೆದುಕೊಂಡೆ, ಅದು ಬೇರೆ ಮಾತು. ಜಂಭವೂ ಇತ್ತು. ಸ್ಕೂಲಿನ ಗೋಡೆಯ ಮೇಲೆ ನನ್ನ ಫೋಟೋ ಇದೆ, ಒಂದೂ ದೂರಿಲ್ಲದ ಟೀಚರ್ ಅಂತ. ಎಲ್ಲಕ್ಕಿಂತ ನಾಚಿಕೆಯದ್ದು ಇದು: ದೊಡ್ಡತ್ತೆ ಫೋನಿನ ಮಾತು ತೆಗೆದಾಗ ನಾನು ಹೊರಗೆ ಜಗಳವಾಡಿದೆ, ಒಳಗೆ ಎಲ್ಲೋ ಒಂದು ಕಡೆ ಸದ್ಯ ಬಚಾವಾದೆ ಅನ್ನಿಸಿತು. ಜನ ಬೇರೆ ಕಡೆ ನೋಡುತ್ತಿದ್ದಾರಲ್ಲ ಅಂತ. ಒಂದು ಕ್ಷಣ ಅಷ್ಟೇ. ಆದರೆ ಅನ್ನಿಸಿತು.

ಆಮೇಲೆಯೂ ನಾನು ಕಲಿಸಲು ಹೋಗುತ್ತಿದ್ದೆ. ನೀನು ಊರು ಬಿಟ್ಟೆ, ನಾನು ಗೆಣ್ಣಿಗೆ ಪಟ್ಟಿ ಸುತ್ತಿಕೊಂಡು ಹೋಗಿ ಅದೇ ಸೀಟಿನಲ್ಲಿ ಕೂತೆ. ಸಾವಿರದ ಒಂದು, ಸಾವಿರದ ಎರಡು ಅಂತ ಹೇಳಿಕೊಟ್ಟೆ. ಶನಿವಾರ ನಿನ್ನ ಪತ್ರ ಓದಿದ ಮೇಲೆ ಆ ಸೀಟಿನಲ್ಲಿ ಕೂರಲು ಆಗಲಿಲ್ಲ.

ನಿನ್ನೆ ಎರಡು ಕೆಲಸ ಮಾಡಿದೆ. ಬೆಳಿಗ್ಗೆ ವಕೀಲರ ಹತ್ತಿರ ಹೋಗಿ ಇದನ್ನೆಲ್ಲ ಹೇಳಿಕೆಯಾಗಿ ಬರೆಸಿ ಸಹಿ ಹಾಕಿದೆ. ಆಯಮ್ಮ ಕನ್ನಡಕ ತೆಗೆದು, ಇದರಿಂದ ನಿಮಗೇ ತೊಂದರೆ ಆಗುತ್ತೆ, ಗೊತ್ತಾ ಅಂದರು. ಗೊತ್ತು, ಅದಕ್ಕೇ ಬಂದಿರೋದು ಅಂದೆ. ಪರೀಕ್ಷೆಯಲ್ಲಿ ಮೋಸ ಮಾಡಿದ್ದಕ್ಕೆ ನನ್ನ ಮೇಲೆ ಬೇರೆ ಕೇಸು ಆಗಬಹುದಂತೆ. ಆಗಲಿ. ನಿನ್ನ ಕೇಸು ಪೂರ್ತಿ ಬಿದ್ದುಹೋಗುತ್ತದೆ ಅಂತ ಅವರು ಮಾತು ಕೊಡಲಿಲ್ಲ. ಸ್ಟಿಯರಿಂಗ್ ನಿನ್ನ ಕೈಯಲ್ಲಿತ್ತು, ಆ ಭಾಗ ನಿನ್ನದೇ. ಆದರೆ ಫೋನಿನ ಆರೋಪ ಉಳಿಯುವುದಿಲ್ಲ, ಕೆಲಸಕ್ಕೆ ಕುತ್ತು ಬರುವುದು ತಪ್ಪಬಹುದು ಅಂದರು.

ಮಧ್ಯಾಹ್ನ ಸ್ಕೂಲಿಗೆ ಹೋಗಿ ಕೀಲಿಗೊಂಚಲು ಮಾಲೀಕರ ಮೇಜಿನ ಮೇಲಿಟ್ಟೆ. ಎಲ್ಲ ಕೇಳಿಸಿಕೊಂಡು ಅವರು ಬಾಗಿಲು ಮುಂದೆ ಮಾಡಿ, ಅರ್ಧ ಅಂಗುಲದ ಆಟ ಎಲ್ಲಾ ಟೀಚರ್ಸೂ ಒಂದಲ್ಲ ಒಂದ್ಸಲ ಆಡಿರ್ತಾರೆ, ಇದನ್ನೆಲ್ಲ ದೊಡ್ಡದು ಮಾಡಬೇಡಿ ಅಂದರು. ಎಲ್ಲಾರೂ ಆಡ್ತಾರೆ ಅಂದರೆ ಅದು ದೊಡ್ಡದೇ ಅಲ್ವಾ ಸಾರ್ ಅಂದೆ. ನಾಲ್ಕು ಕಾರಿನ ಬಜರನ್ನೂ ಕಾಲು ತಾಗಿದರೆ ಕೂಗುವ ಹಾಗೆ ಬಿಗಿ ಮಾಡಿಸಿ ಅಂತ ಹಟ ಹಿಡಿದೆ. ಮಾಡಿಸ್ತೀನಿ ಹೋಗಿ ಅಂದರು. ಹೋಗಲಿಲ್ಲ. ಮೆಕ್ಯಾನಿಕ್ಕು ಬಂದು ನಾಲ್ಕನ್ನೂ ಮುಗಿಸುವ ತನಕ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಒಂದೊಂದರಲ್ಲೂ ಹತ್ತಿ, ಬೆರಳ ತುದಿ ತಾಗಿಸಿ ನೋಡಿದೆ. ಕೂಗಿತು.

ಇಪ್ಪತ್ತನೇ ತಾರೀಖು ನೀನು ನಡೆದದ್ದನ್ನು ಮಾತ್ರ ಹೇಳು. ಯಾವಾಗಲೂ ಹಿಡಿಯುವಾಗಲೇ ಹಿಡಿದೆ, ನಿಲ್ಲಲಿಲ್ಲ ಅನ್ನು. ಅದಕ್ಕಿಂತ ಒಂದು ಮಾತು ಹೆಚ್ಚು ಬೇಡ, ಒಂದು ಕಡಿಮೆಯೂ ಬೇಡ. ಉಳಿದದ್ದನ್ನು ನಾನು ಹೇಳುತ್ತೇನೆ, ನಾನೂ ಬಂದಿರುತ್ತೇನೆ. ನನ್ನ ಪಕ್ಕ ಕೂರಬೇಕು ಅಂತಿಲ್ಲ.

ಒಂದೇ ಒಂದು ಕೇಳುತ್ತೇನೆ, ಅಮ್ಮನಾಗಿ ಅಲ್ಲ, ಟೀಚರಾಗಿ. ಎಂದಾದರೂ ಮತ್ತೆ ಸ್ಟಿಯರಿಂಗ್ ಹಿಡಿಯುವುದಾದರೆ ಮೊದಲಿನಿಂದ ಕಲಿ. ಗುರುತಿಲ್ಲದವರ ಹತ್ತಿರ ಕಲಿ. ಬಜರ್ ಕೂಗಿಸುವವರ ಹತ್ತಿರ ಕಲಿ, ಕೂಗಿದರೆ ಅಳು, ಅತ್ತು ಮತ್ತೆ ಓಡಿಸು. ಹತ್ತು ಸಲ ಫೇಲಾಗು. ನಿನಗೆ ಬರುತ್ತದೆ ಕಣೇ. ಬರುವುದಿಲ್ಲ ಅಂತ ಹೆದರಿದ್ದು ನೀನಲ್ಲ, ನಾನು.

ಕ್ಷಮಿಸು ಅಂತ ಬರೆಯಬೇಕು ಅಂತ ಕೂತೆ. ಅದನ್ನು ಬರೆದರೆ ನೀನು ಏನಾದರೂ ಉತ್ತರ ಕೊಡಬೇಕಾಗುತ್ತದೆ, ಆ ಭಾರ ನಿನ್ನ ಮೇಲೆ ಹಾಕುವುದು ಬೇಡ ಅನ್ನಿಸಿತು. ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಇದು ನನ್ನೊಬ್ಬಳಿಗೇ ಗೊತ್ತು ಅಂತ ಮೇಲೆ ಬರೆದಿದ್ದೇನೆ. ಅದು ಸುಳ್ಳು. ವಕೀಲರಿಗೂ ಹೇಳಿಲ್ಲ, ಅವರ ಪ್ರತಿಯಲ್ಲಿ ಈ ಭಾಗ ಇರುವುದಿಲ್ಲ. ಅಪ್ಪನಿಗೆ ಗೊತ್ತಿತ್ತು. ನೀನು ಕಲಿಯುವಾಗ ಎರಡು ಭಾನುವಾರ ಜೊತೆಗೆ ಹಿಂದೆ ಕೂತು ಬಂದಿದ್ದರಲ್ಲ, ಜನ ನಿಂತ ಭಂಗಿ ನೋಡಿಯೇ ಅಳತೆ ಹೇಳುವವರಿಗೆ ನನ್ನ ಮಂಡಿ ಅಲುಗಿದ್ದು ಕಾಣದೆ ಇರುತ್ತದೆಯೇ. ಆಸ್ಪತ್ರೆಯಲ್ಲಿ ಮೂರನೇ ದಿನ ಪ್ರಜ್ಞೆ ಬಂದಾಗ, ನಿನ್ನ ಕಾಲು ಮೊದಲು, ಅವಳ ಕಾಲು ಆಮೇಲೆ, ಅವಳಿಗೆ ಹೇಳಿಬಿಡು, ಇಲ್ಲಾಂದ್ರೆ ಮಗು ಒದ್ದಾಡುತ್ತೆ ಅಂದರು. ಹೇಳ್ತೀನಿ ಅಂದೆ. ಅದಾದ ಮೇಲೆ ನೀನು ಬಂದ ಪ್ರತಿ ಸಂಜೆ, ಅಮ್ಮ ಏನಾದ್ರೂ ಹೇಳಿದ್ಲಾ ಅಂತ ನಿನ್ನನ್ನು ಕೇಳುತ್ತಿದ್ದರು. ಏನು ಹೇಳ್ಬೇಕಿತ್ತಪ್ಪ ಅನ್ನುತ್ತಿದ್ದೆ ನೀನು. ಹೊರಗೆ ಬಂದು, ಅಪ್ಪನಿಗೆ ಭ್ರಮೆ ಆಗ್ತಿದೆ ಅಂತ ಅಳುತ್ತಿದ್ದೆ. ಔಷಧಿ ಪ್ರಭಾವ ಇರಬೇಕು ಅಂತ ನಾನು ಸಮಾಧಾನ ಮಾಡುತ್ತಿದ್ದೆ. ಅವರಿಗೆ ಭ್ರಮೆ ಇರಲಿಲ್ಲ. ಕೊನೆಯ ಸಂಜೆಯೂ ಕೇಳಿದರು. ಅವರಿಗೆ ನೆಮ್ಮದಿಯಾಗಲಿ ಅಂತ ನೀನು, ಹೂಂ ಅಪ್ಪ, ಹೇಳಿದ್ಲು ಅಂದುಬಿಟ್ಟೆ. ಅವರು ನನ್ನ ಕಡೆ ತಿರುಗಿ, ಒಳ್ಳೇ ಕೆಲಸ ಮಾಡಿದೆ ಅಂದರು. ನಾನು ತಲೆಯಾಡಿಸಿದೆ.